ಉಪ್ಪುನೀರಿಗೆ ಜೆಟ್ ಬೋಟ್: ಕೊಳ್ಳುವ ಮೊದಲು ತೊಳೆಯುವ ಯೋಚನೆ ಮಾಡಿ

ಗಂಗಾವತಿ, ಸಿಂಧನೂರು ಭಾಗದ ರೈತರಿಗೆ ಉಪ್ಪಿನ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲುವೆಯ ಕೆಳಗಿನ ತಗ್ಗು ಗದ್ದೆಗಳಲ್ಲಿ ನೀರು ನಿಂತಿರುವಷ್ಟು ದಿನ ನೆಲ ಚೆನ್ನಾಗಿಯೇ ಕಾಣುತ್ತದೆ; ನೀರು ಆರಿದ ಮೇಲೆ ಬಿಳಿಯ ಹೊಪ್ಪಳೆಯಂತೆ ಸವುಳು ಮೇಲೆದ್ದು ಬರುತ್ತದೆ. ಸಮುದ್ರದಲ್ಲಿ ಓಡಿಸಿ ತಂದ ಬೋಟಿನ ಎಂಜಿನ್ನಿನೊಳಗೆ ನಡೆಯುವುದೂ ಇದೇ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಆ ನೀರು ಕೊಳವೆಗಳಲ್ಲಿ, ಪಂಪಿನ ಸಂದುಗಳಲ್ಲಿ, ಕ್ಲಿಪ್ಪುಗಳ ಹಿಂದೆ ಉಳಿದು ಆರುವಾಗ ಕಣ್ಣಿಗೆ ಕಾಣದಂತೆ ಹಾನಿ ಶುರುವಾಗುತ್ತದೆ. ಆದ್ದರಿಂದ ಉಪ್ಪುನೀರಿಗೆಂದು ಕುಟುಂಬದ ಜೆಟ್ ಬೋಟನ್ನು, ಅಂದರೆ ಪಂಪಿನಿಂದ ನೀರನ್ನು ಹಿಂದಕ್ಕೆ ಚಿಮ್ಮಿಸಿ ಓಡುವ ಬೋಟನ್ನು, ಆರಿಸುವವರು ಅಶ್ವಶಕ್ತಿ, ಬಣ್ಣ, ಸ್ಪೀಕರ್‌ಗಳ ವಿಚಾರಕ್ಕೆ ಹೋಗುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಸಮುದ್ರದಿಂದ ಬಂದ ಸಂಜೆಯೇ ಈ ಬೋಟನ್ನು ಒಳಗೂ ಹೊರಗೂ ಪೂರ್ತಿಯಾಗಿ ತೊಳೆಯಲು ಸಾಧ್ಯವೇ? ತೊಳೆದ ಮೇಲೆ ಅದು ಎಲ್ಲಿ ನಿಲ್ಲುತ್ತದೆ?

ನಾವು ಮೂವರು ಅಣ್ಣತಮ್ಮಂದಿರು ಸೇರಿ ಇಟ್ಟುಕೊಂಡಿರುವ ಬೋಟು ಗಂಗಾವತಿಯ ನಮ್ಮ ಅಕ್ಕಿ ಗಿರಣಿಯ ಗೋದಾಮಿನಲ್ಲಿ ಟ್ರೇಲರ್ ಮೇಲೆ ಮಲಗಿರುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಎರಡೋ ಮೂರೋ ಸಲ ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿದು ಕಾರವಾರಕ್ಕೋ ಹೊನ್ನಾವರಕ್ಕೋ ಅದನ್ನು ಒಯ್ಯುತ್ತೇವೆ. ಸಮುದ್ರದಿಂದ ಇಷ್ಟು ದೂರ ಇರುವವರಿಗೆ ಬೋಟೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಸ್ವಲ್ಪ ವಿಚಿತ್ರವಾಗಿ ಕೇಳಿಸಬಹುದು: ಉಪ್ಪುನೀರಿನಲ್ಲಿ ಜೆಟ್ ಬೋಟ್ ಓಡಿಸುವುದಕ್ಕೆ ಕರಾವಳಿಯಲ್ಲಿ ಮನೆಯಿರುವವರಿಗಿಂತ ನಮ್ಮಂಥವರೇ ಮೇಲು. ಹೊರಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ನನ್ನು ಓಡಿಸಿದ ಮೇಲೆ ನೀರಿನಿಂದ ಮೇಲಕ್ಕೆ ಬಾಗಿಸಿ ಎತ್ತಿಡಬಹುದು. ಜೆಟ್ ಬೋಟಿನ ಪಂಪಾದರೋ ತಳದೊಳಗೇ ಕೂತಿರುವುದರಿಂದ, ಬೋಟು ನೀರಿನಲ್ಲಿರುವಷ್ಟು ಕಾಲ ಅದೂ ನೀರಿನಲ್ಲೇ ಇರುತ್ತದೆ. ಅಳಿವೆಯಲ್ಲಿ ವಾರಗಟ್ಟಲೆ ಕಟ್ಟಿಹಾಕಿದರೆ ಪಂಪಿನೊಳಗೆ ಪಾಚಿ ಮತ್ತು ಚಿಪ್ಪುಹುಳುಗಳು ಮನೆ ಕಟ್ಟುತ್ತವೆ, ಲೋಹ ಸವೆಯತೊಡಗುತ್ತದೆ. ಪ್ರತಿ ಸಲವೂ ಟ್ರೇಲರ್‌ಗೆ ಏರಿಸಿಕೊಂಡು ಬರಲೇಬೇಕಾದ ನಮ್ಮ ಅನಿವಾರ್ಯವೇ ಈ ಬೋಟಿಗೆ ಬೇಕಾದ ಶಿಸ್ತು. ಕಡಲತೀರದಲ್ಲಿ ನೀರಲ್ಲೇ ಬಿಟ್ಟು ಬರುವ ಆಲೋಚನೆ ನಿಮಗಿದ್ದರೆ ಜೆಟ್ ಬೋಟನ್ನು ಬಿಟ್ಟು ಔಟ್‌ಬೋರ್ಡ್ ಕಡೆಗೆ ನೋಡಿ. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಪಂಪ್‌ಸೆಟ್ ಗೊತ್ತಿದ್ದರೆ ಅರ್ಧ ಗೊತ್ತಿದ್ದಂತೆ

ಹೊಳೆಯಿಂದ ನೀರೆತ್ತುವ ಪಂಪ್‌ಸೆಟ್ಟನ್ನು ಬಿಚ್ಚಿ ನೋಡಿದವರಿಗೆ ಜೆಟ್ ಡ್ರೈವ್ ಹೊಸದಲ್ಲ. ಬೋಟಿನ ತಳದಲ್ಲಿ ಜಾಲರಿ ಹಾಕಿದ ಬಾಯಿಯೊಂದಿದೆ. ಅದು ನಮ್ಮ ಫುಟ್‌ವಾಲ್ವಿನ ಜಾಲರಿಯ ಜಾಗ. ಅಲ್ಲಿಂದ ಒಳಬಂದ ನೀರನ್ನು ಎಂಜಿನ್ ತಿರುಗಿಸುವ ಇಂಪೆಲ್ಲರ್ ಎಂಬ ರೆಕ್ಕೆಚಕ್ರ ಹಿಂದಕ್ಕೆ ನೂಕುತ್ತದೆ, ಕಿರಿದಾದ ನಾಜಲ್‌ನಿಂದ ಅದು ರಭಸವಾಗಿ ಚಿಮ್ಮುತ್ತದೆ, ಬೋಟು ಮುಂದಕ್ಕೆ ಹೋಗುತ್ತದೆ. ನಾಜಲನ್ನು ಎಡಬಲಕ್ಕೆ ತಿರುಗಿಸಿದರೆ ಬೋಟು ತಿರುಗುತ್ತದೆ. ಅದರ ಮೇಲೆ ಬುಟ್ಟಿಯಂಥ ಮುಚ್ಚಳ ಇಳಿಸಿ ಧಾರೆಯನ್ನು ಮುಂದಕ್ಕೆ ಬಾಗಿಸಿದರೆ ಹಿಮ್ಮುಖ ಚಲನೆ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಇದನ್ನು ಬಳಕೆಗೆ ತಂದದ್ದು ಅಲ್ಲಿನ ಆಳವಿಲ್ಲದ, ಕಲ್ಲುಗುಂಡುಗಳ ಹೊಳೆಗಳಿಗಾಗಿ. 1960ರಲ್ಲಿ ಈ ಬೋಟುಗಳು ಕೊಲರಾಡೋ ನದಿಯ ಗ್ರ್ಯಾಂಡ್ ಕ್ಯಾನಿಯನ್ ಕಮರಿಯನ್ನು ಪ್ರವಾಹಕ್ಕೆ ಎದುರಾಗಿ ಏರಿದವು. ಹುಟ್ಟಿನಿಂದಲೇ ಇದು ಸಿಹಿನೀರಿನ ಯಂತ್ರ. ಉಪ್ಪುನೀರಿಗೆ ಆಮೇಲೆ ಒಗ್ಗಿಸಿಕೊಂಡದ್ದು. ಈ ಸಂಗತಿಯನ್ನು ಮಾರುವವರು ಹೇಳುವುದಿಲ್ಲ.

ಪಂಪ್‌ಸೆಟ್ಟಿನ ರೋಗಗಳೆಲ್ಲ ಇದಕ್ಕೂ ಇವೆ. ಜಾಲರಿಗೆ ಕಸ ಅಂಟಿದರೆ, ಅಲೆಯ ಮೇಲೆ ಹಾರಿದಾಗ ಗಾಳಿ ಎಳೆದುಕೊಂಡರೆ, ಎಂಜಿನ್ ಕಿರುಚುತ್ತದೆ, ಬೋಟು ಮುಂದೆ ಹೋಗುವುದಿಲ್ಲ. ಕಾಳಿ ನದಿಯ ಅಳಿವೆಯಲ್ಲಿ ಒಮ್ಮೆ ಹಾಗಾದಾಗ ಎಂಜಿನ್ ಆರಿಸಿ, ಕೀಲಿ ಕಿತ್ತುಕೊಂಡು, ಹಿಂಭಾಗದ ಮುಚ್ಚಳ ತೆಗೆದು ಕೈಹಾಕಿದರೆ ಇಂಪೆಲ್ಲರ್‌ನ ಅಂಚಿಗೆ ಹಾಲಿನ ಪ್ಯಾಕೆಟ್ಟೊಂದು ಪಟ್ಟಿ ಸುತ್ತಿದಂತೆ ಸುತ್ತಿಕೊಂಡಿತ್ತು. ಅಂಗೈಯಗಲದ ಆ ಪ್ಲಾಸ್ಟಿಕ್ಕು ಹತ್ತು ಜನ ಕೂತ ಬೋಟನ್ನು ನಿಲ್ಲಿಸಿತ್ತು. ಬೋಟಿನೊಳಗಿಂದಲೇ ಹೀಗೆ ಕೈಹಾಕಿ ಕಸ ತೆಗೆಯುವ ಬಾಯಿ ಕೆಲವು ಮಾದರಿಗಳಲ್ಲಿದೆ, ಕೆಲವುಗಳಲ್ಲಿ ಇಲ್ಲ. ಇಲ್ಲದಿದ್ದರೆ ಯಾರಾದರೂ ನೀರಿಗಿಳಿದು ತಳದ ಕೆಳಗೆ ಹೋಗಬೇಕು. ಕುಟುಂಬದೊಂದಿಗೆ ಹೋಗುವವರು ಈ ಬಾಯಿ ಇರುವ ಬೋಟನ್ನೇ ಆರಿಸುವುದು ಒಳ್ಳೆಯದು.

ಇಂಪೆಲ್ಲರ್ ಮತ್ತು ಅದನ್ನು ಸುತ್ತುವರಿದ ಗೋಡೆಯ ನಡುವಿನ ಸಂದು ಕೂದಲೆಳೆಯಷ್ಟೇ ಇರುತ್ತದೆ. ಮರಳು ಎಳೆದುಕೊಂಡಷ್ಟೂ ಈ ಸಂದು ಅಗಲವಾಗುತ್ತದೆ, ಶಕ್ತಿ ಕಡಿಮೆಯಾಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಜೆಟ್ ಬೋಟ್ ಗೇಣು ನೀರಿನಲ್ಲೂ ಓಡುತ್ತದೆ ಎಂಬ ಜಾಹೀರಾತಿನ ಮಾತು ವೇಗವಾಗಿ ಸಾಗುತ್ತಿರುವಾಗ ಮಾತ್ರ ನಿಜ. ನಿಂತಲ್ಲಿಂದ ಎಂಜಿನ್ ಚಾಲೂ ಮಾಡಲು ಕನಿಷ್ಠ ಮೂರು ಅಡಿ ನೀರು ಬೇಕು. ಅದಕ್ಕಿಂತ ಕಡಿಮೆಯಿದ್ದರೆ ತಳದ ಮರಳೆಲ್ಲ ಪಂಪಿಗೆ ಬರುತ್ತದೆ. ಸೊಂಟದವರೆಗೆ ನೀರು ಬರುವಷ್ಟು ದೂರ ಬೋಟನ್ನು ಕೈಯಲ್ಲೇ ತಳ್ಳಿಕೊಂಡು ಹೋಗುವ ರೂಢಿ ಮಾಡಿಕೊಳ್ಳಿ. ಸವೆದ ಗೋಡೆಯನ್ನು ಮಾತ್ರ ಬದಲಿಸಲು ಬರುವಂಥ ವೇರ್ ರಿಂಗ್ ಇರುವ ಪಂಪಾದರೆ ದುರಸ್ತಿ ಅಗ್ಗ. ಪಂಪಿನ ಇಡೀ ಕವಚವನ್ನೇ ಬದಲಿಸಬೇಕಾದ ಮಾದರಿಯಾದರೆ ದುಬಾರಿ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಎಂಜಿನ್ ಯಾವ ನೀರಿನಿಂದ ತಣಿಯುತ್ತದೆ?

ಆಯ್ಕೆಯಲ್ಲಿ ಅತ್ಯಂತ ಮುಖ್ಯವಾದದ್ದು ಇದು. ತೆರೆದ ವಿಧಾನದಲ್ಲಿ ಬೋಟು ಓಡುವ ನೀರನ್ನೇ ಎಂಜಿನ್ನಿನ ಸುತ್ತ ಹರಿಸಿ ತಣಿಸಿ ಹೊರಗೆ ಬಿಡಲಾಗುತ್ತದೆ. ಸಮುದ್ರದಲ್ಲಿದ್ದರೆ ಸಮುದ್ರದ ನೀರೇ ಎಂಜಿನ್ನಿನ ಒಡಲೆಲ್ಲ ಸುತ್ತಿ ಬರುತ್ತದೆ. ಯಮಹಾ ಕಂಪನಿಯ ಜೆಟ್ ಬೋಟುಗಳು ಈ ಬಗೆಯವು. ಮುಚ್ಚಿದ ವಿಧಾನದಲ್ಲಿ ಕಾರಿನ ರೇಡಿಯೇಟರ್‌ನಲ್ಲಿರುವಂತೆ ಕೂಲಂಟ್ ಒಳಗೊಳಗೇ ಸುತ್ತುತ್ತದೆ, ಅದರ ಬಿಸಿಯನ್ನು ಮಾತ್ರ ಹೊರಗಿನ ನೀರು ಹೀರಿಕೊಳ್ಳುತ್ತದೆ. ರೋಟಾಕ್ಸ್ ಎಂಜಿನ್ ಹೊಂದಿದ ಸೀ-ಡೂ, ಸ್ಕ್ಯಾರಬ್ ಬೋಟುಗಳಲ್ಲಿ ಈ ಏರ್ಪಾಡಿದೆ. ಕಾಗದದ ಮೇಲೆ ನೋಡಿದರೆ ಉಪ್ಪುನೀರಿಗೆ ಮುಚ್ಚಿದ ವಿಧಾನವೇ ಉತ್ತಮ ಎನ್ನಬೇಕು, ನನ್ನ ಒಲವೂ ಆ ಕಡೆಗೇ ಇದೆ. ಆದರೆ ಅದರಿಂದ ತೊಳೆಯುವ ಕೆಲಸ ತಪ್ಪುತ್ತದೆ ಎಂದು ಭಾವಿಸಬಾರದು, ಏಕೆಂದರೆ ಅದರಲ್ಲಿಯೂ ಹೊಗೆ ಹೋಗುವ ಸೈಲೆನ್ಸರ್ ಭಾಗವನ್ನು ತಣಿಸುವುದು ಹೊರಗಿನ ಉಪ್ಪುನೀರೇ. ತೆರೆದ ವಿಧಾನದ ಎಂಜಿನ್ನನ್ನು ಪ್ರತಿ ಸಲ ತಪ್ಪದೆ ತೊಳೆದವನ ಬೋಟು, ಮುಚ್ಚಿದ ವಿಧಾನವಿದೆಯೆಂದು ಉದಾಸೀನ ಮಾಡಿದವನ ಬೋಟಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಎರಡು ಎಂಜಿನ್ನುಗಳ ಬೋಟು ಬೇಕೇ ಒಂದು ಸಾಕೇ ಎಂಬ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಎರಡಿದ್ದರೆ ತೊಳೆಯುವ, ಎಣ್ಣೆ ಬದಲಿಸುವ ಕೆಲಸವೂ ಎರಡರಷ್ಟು. ಆದರೂ ತೆರೆದ ಸಮುದ್ರಕ್ಕೆ ಹೋಗುವವರಿಗೆ ನಾನು ಎರಡನ್ನೇ ಸೂಚಿಸುತ್ತೇನೆ. ಒಂದರ ಬಾಯಿಗೆ ಹಾಲಿನ ಪ್ಯಾಕೆಟ್ ಸಿಕ್ಕಿದ ದಿನ ಇನ್ನೊಂದು ದಡ ಮುಟ್ಟಿಸುತ್ತದೆ. ಹೊನ್ನಾವರದ ಶರಾವತಿ ಅಳಿವೆಯೊಳಗೇ ಸುತ್ತಾಡುವವರಿಗೆ ಒಂದು ಸಾಕು.

ತೊಳೆಯುವ ಕ್ರಮ, ನಾವು ಮಾಡಿದ ತಪ್ಪು

ಬೋಟು ಟ್ರೇಲರ್ ಮೇಲಿರುವಾಗ ತೋಟದ ಪೈಪನ್ನು ಎಂಜಿನ್ನಿನ ತೊಳೆಯುವ ಮೂತಿಗೆ ಜೋಡಿಸಬೇಕು. ಮೊದಲು ಎಂಜಿನ್ ಚಾಲೂ, ಆಮೇಲೆ ನಲ್ಲಿ. ಮುಗಿಸುವಾಗ ಮೊದಲು ನಲ್ಲಿ ಬಂದ್, ಆಮೇಲೆ ಎಂಜಿನ್. ಈ ಕ್ರಮವನ್ನು ತಿರುವುಮುರುವು ಮಾಡಲೇಬಾರದು. ನಿಂತ ಎಂಜಿನ್ನಿಗೆ ನೀರು ಬಿಟ್ಟರೆ ಅದನ್ನು ಹೊರಗೆ ನೂಕಲು ಹೊಗೆಯ ಒತ್ತಡ ಇರುವುದಿಲ್ಲ, ನೀರು ಸೈಲೆನ್ಸರ್‌ನ ದಾರಿಯಾಗಿ ಹಿಂದಕ್ಕೆ ಸಿಲಿಂಡರ್‌ಗಳಿಗೇ ಇಳಿಯುತ್ತದೆ. ಮೊದಲ ವರ್ಷ ಗಿರಣಿಯ ಅಂಗಳದಲ್ಲಿ ನನ್ನ ತಮ್ಮ ಒಳ್ಳೆಯ ಉದ್ದೇಶದಿಂದಲೇ ನಲ್ಲಿ ತಿರುಗಿಸಿ, ಪೈಪಿನಲ್ಲಿ ನೀರು ಬರುತ್ತಿದೆಯೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಕೀಲಿ ತಿರುಗಿಸಿದ್ದ. ಟಕ್ ಎಂದಿತು, ಎಂಜಿನ್ ತಿರುಗಲಿಲ್ಲ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ತಿರುಗಿಸಿದಾಗ ಒಂದು ರಂಧ್ರದಿಂದ ಮಾರುದ್ದ ನೀರು ಹಾರಿ ಗೋಡೆಗೆ ಬಡಿಯಿತು. ಸಿಹಿನೀರಾದ್ದರಿಂದ, ಒಂದು ಗಂಟೆಯೊಳಗೆ ಬಿಚ್ಚಿದ್ದರಿಂದ, ಎಣ್ಣೆ ಎರಡು ಸಲ ಬದಲಿಸುವುದರಲ್ಲಿ ಬಚಾವಾದೆವು. ಈಗ ಆ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಎಂಜಿನ್ ಮುಚ್ಚಳದ ಒಳಮೈಗೆ ಅಂಟಿಸಿದ್ದೇವೆ. ಹಾಗೆಯೇ ನೀರಿನ ಜೋಡಣೆಯಿಲ್ಲದೆ ಎಂಜಿನ್ನನ್ನು ಹದಿನೈದು ಸೆಕೆಂಡಿಗಿಂತ ಹೆಚ್ಚು ಓಡಿಸಬಾರದು. ನೀರು ಕೊಟ್ಟ ಮೇಲೂ ಟ್ರೇಲರ್ ಮೇಲೆ ಎಷ್ಟು ನಿಮಿಷ ಓಡಿಸಬಹುದು ಎಂಬುದನ್ನು ಆಯಾ ಎಂಜಿನ್ನಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಯಾವ ನೀರಿನಿಂದ ತೊಳೆಯಬೇಕು ಎಂಬುದು ಕೊಪ್ಪಳ, ರಾಯಚೂರು, ಬಳ್ಳಾರಿ ಈ ನಮ್ಮ ಮೂರು ಜಿಲ್ಲೆಗಳವರು ವಿಶೇಷವಾಗಿ ಯೋಚಿಸಬೇಕಾದ ಸಂಗತಿ. ಇಲ್ಲಿನ ಅನೇಕ ಬೋರ್‌ವೆಲ್‌ಗಳ ನೀರು ಗಡುಸು. ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಅದೇ ಪದರ ಎಂಜಿನ್ನಿನ ಕಿರಿದಾದ ಕೊಳವೆಗಳಲ್ಲೂ ಕಟ್ಟುತ್ತದೆ, ಉಪ್ಪು ಕಳೆಯಲು ಹೋಗಿ ಸುಣ್ಣ ಸೇರಿಸಿದಂತಾಗುತ್ತದೆ. ತುಂಗಭದ್ರೆಯ ನಲ್ಲಿನೀರು ಅಥವಾ ಚಾವಣಿಯಿಂದ ಹಿಡಿದಿಟ್ಟ ಮಳೆನೀರು ಉತ್ತಮ. ಅದಕ್ಕಿಂತ ಮುಖ್ಯವಾದದ್ದು, ಊರಿಗೆ ಬಂದ ಮೇಲೆ ತೊಳೆಯೋಣ ಎಂದು ಬಿಡದಿರುವುದು. ಕಾರವಾರದಿಂದ ಗಂಗಾವತಿಗೆ ಬರುವಷ್ಟರಲ್ಲಿ ಉಪ್ಪು ಆರಿ ಗಟ್ಟಿಯಾಗಿರುತ್ತದೆ. ನೀರು ಸಿಗುವ ವಸತಿಗೃಹವನ್ನು ಮೊದಲೇ ಗೊತ್ತುಮಾಡಿಕೊಂಡು, ಬೋಟು ನೀರಿನಿಂದ ಮೇಲೆದ್ದ ಅದೇ ಸಂಜೆ ಎಂಜಿನ್, ಪಂಪು, ನಾಜಲ್, ಟ್ರೇಲರ್‌ನ ಚಕ್ರಗಳು ಎಲ್ಲವನ್ನೂ ತೊಳೆಯಬೇಕು. ಊರಿಗೆ ಬಂದ ಮೇಲೆ ಎರಡನೆಯ ಸಲ. ಕೊಳ್ಳುವ ಮೊದಲು ತೊಳೆಯುವ ಮೂತಿ ಎಲ್ಲಿದೆ ಎಂದು ನೋಡಿ. ಹಿಂದಿನ ಹಲಗೆಯ ಮೇಲೆ ನಿಂತು ಕೈಗೆ ಸಿಗುವಂತಿದ್ದರೆ ಪ್ರತಿ ಸಲ ತೊಳೆಯುತ್ತೀರಿ. ಎಂಜಿನ್ ಗೂಡಿನಲ್ಲಿ ತಲೆಕೆಳಗಾಗಿ ನೇತಾಡಿ ಹುಡುಕಬೇಕಾಗಿದ್ದರೆ ಮೂರನೆಯ ಸಲಕ್ಕೇ ಸೋಮಾರಿತನ ಬರುತ್ತದೆ.

ಲೋಹಗಳ ಜಗಳ

ಬಳ್ಳಾರಿ ಸೀಮೆಯವರಿಗೆ ಕಬ್ಬಿಣದ ತುಕ್ಕು ಗೊತ್ತು. ಬೋಟಿನ ತುಕ್ಕು ಬೇರೆ ಬಗೆಯದು. ಅಲ್ಯೂಮಿನಿಯಂ ಪಂಪು, ಸ್ಟೇನ್‌ಲೆಸ್ ಉಕ್ಕಿನ ಇಂಪೆಲ್ಲರ್ ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿ ಮುಳುಗಿದರೆ ಅದೊಂದು ಬ್ಯಾಟರಿಯೇ ಆಗುತ್ತದೆ, ಆ ಬ್ಯಾಟರಿಯಲ್ಲಿ ಕರಗಿ ಹೋಗುವುದು ಅಲ್ಯೂಮಿನಿಯಂ. ಅದರ ಬದಲಿಗೆ ತಾನು ಕರಗಲೆಂದು ಆನೋಡ್ ಎಂಬ ಲೋಹದ ತುಂಡನ್ನು ಪಂಪಿಗೆ ಬಿಗಿದಿರುತ್ತಾರೆ. ಉಪ್ಪುನೀರಿಗೆ ಸತುವಿನದು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ್ದು, ಸಿಹಿನೀರಿಗೆ ಮೆಗ್ನೀಷಿಯಂನದು. ಅಳಿವೆಯ ಸಪ್ಪೆ ಉಪ್ಪುನೀರಿಗೂ ಸಮುದ್ರಕ್ಕೂ ಎರಡಕ್ಕೂ ಹೋಗುವ ನಮ್ಮಂಥವರಿಗೆ ಅಲ್ಯೂಮಿನಿಯಂ ಮಿಶ್ರಲೋಹದ್ದೇ ಸರಿ. ಅರ್ಧ ಸವೆದೊಡನೆ ಬದಲಿಸಬೇಕು, ಅದರ ಮೇಲೆ ಬಣ್ಣ ಬಳಿಯಬಾರದು. ವೈರಿಂಗ್ ತವರ ಲೇಪಿಸಿದ ತಾಮ್ರದ್ದೇ, ಬೋಲ್ಟುಗಳು 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನವೇ ಎಂದು ಕೇಳಿ ನೋಡಿ. ಬೋಟಿನ ಮೈ ಫೈಬರ್‌ಗ್ಲಾಸ್ ಆಗಿದ್ದರೆ ಉಪ್ಪಿನ ಭಯ ಅಷ್ಟಿಲ್ಲ.

ಮನೆಮಂದಿಗೆ ಎಷ್ಟು ದೊಡ್ಡದು?

ಮಾರುಕಟ್ಟೆಯಲ್ಲಿ ಸಿಗುವ ಕುಟುಂಬದ ಜೆಟ್ ಬೋಟುಗಳು ಬಹುಪಾಲು 19ರಿಂದ 25 ಅಡಿಯವು. ಅಳಿವೆಗೆ 19 ಅಡಿ ನಡೆಯುತ್ತದೆ. ಸಮುದ್ರಕ್ಕೆ 22 ಅಡಿಗಿಂತ ಕಡಿಮೆಯದನ್ನು ನಾನು ಒಯ್ಯುವುದಿಲ್ಲ. ಉದ್ದಕ್ಕಿಂತಲೂ ತಳದ ಆಕಾರ ಮುಖ್ಯ. ತಳ ಚಪ್ಪಟೆಯಾದಷ್ಟೂ ನಿಂತ ನೀರಿನಲ್ಲಿ ಹಿತ, ಅಲೆಗಳಲ್ಲಿ ಬೆನ್ನುಮೂಳೆಗೆ ಪೆಟ್ಟು. ಹಿಂಭಾಗದಲ್ಲಿ ತಳದ ಓರೆ 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಅಲೆಯನ್ನು ಸೀಳಿಕೊಂಡು ಹೋಗುತ್ತದೆ. ಯುರೋಪಿನ ನಿಯಮದಂತೆ ಗುರುತು ಹಾಕಿದ ಬೋಟಾದರೆ ಫಲಕದಲ್ಲಿ ವರ್ಗದ ಅಕ್ಷರವಿರುತ್ತದೆ: ‘ಸಿ’ ಎಂದರೆ ಎರಡು ಮೀಟರ್‌ವರೆಗಿನ ಅಲೆಗೆ, ‘ಡಿ’ ಎಂದರೆ ಕೇವಲ 30 ಸೆಂಟಿಮೀಟರ್ ಅಲೆಗೆ. ‘ಡಿ’ ವರ್ಗದ ಬೋಟನ್ನು ಕಾರವಾರದ ಸಮುದ್ರಕ್ಕೆ ಇಳಿಸುವುದು ತೆಪ್ಪದಲ್ಲಿ ಹೋದಷ್ಟೇ ಅಪಾಯ. ಆನೆಗೊಂದಿಯ ತೆಪ್ಪದವರಿಗಾದರೂ ತಮ್ಮ ನೀರು ಗೊತ್ತಿರುತ್ತದೆ.

ಫಲಕದಲ್ಲಿ ಬರೆದ ಜನರ ಸಂಖ್ಯೆಯನ್ನು ನಂಬಿ ಅಷ್ಟೂ ಜನರನ್ನು ಹತ್ತಿಸಬೇಡಿ. ಹತ್ತು ಎಂದಿದ್ದರೆ ಸಮುದ್ರದಲ್ಲಿ ಏಳು ಎಂದು ತಿಳಿಯಿರಿ, ಮಾವ, ಅತ್ತೆ, ಬುತ್ತಿಯ ಡಬ್ಬಿಗಳು, ನೀರಿನ ಕ್ಯಾನು ಎಲ್ಲವೂ ತೂಕವೇ. ಹೊರಗೆ ತಿರುಗುವ ರೆಕ್ಕೆಯಿಲ್ಲ ಎಂಬುದು ಮಕ್ಕಳಿರುವವರಿಗೆ ಜೆಟ್ ಬೋಟಿನ ದೊಡ್ಡ ಆಕರ್ಷಣೆ. ಅದು ನಿಜವಾದರೂ ಅಪಾಯವೇ ಇಲ್ಲ ಎಂದಲ್ಲ. ತಳದ ಬಾಯಿ ಉದ್ದ ಜಡೆಯನ್ನೂ ದುಪ್ಪಟ್ಟಾವನ್ನೂ ಸೆರಗನ್ನೂ ಎಳೆದುಕೊಳ್ಳಬಲ್ಲದು, ನಾಜಲ್‌ನ ಧಾರೆ ಹತ್ತಿರದಲ್ಲಿದ್ದವರಿಗೆ ತೀವ್ರ ಗಾಯ ಮಾಡಬಲ್ಲದು, ಹಿಂದಿನ ಹಲಗೆಯ ಬಳಿ ಸೇರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಎಂಜಿನ್ ಓಡುತ್ತಿರುವಾಗ ಹಿಂಭಾಗದಲ್ಲಿ ಯಾರೂ ಇರಬಾರದು. ಎಲ್ಲರಿಗೂ ಅವರವರ ಅಳತೆಯ ಲೈಫ್ ಜಾಕೆಟ್ ಬೇಕು, ಓಡಿಸುವವರ ಮೈಗೆ ಎಂಜಿನ್ ಆರಿಸುವ ದಾರ ಕಟ್ಟಿರಬೇಕು. ಇನ್ನೊಂದು ವಿಷಯ: ಜೆಟ್ ಬೋಟಿಗೆ ಚುಕ್ಕಾಣಿಯ ಹಲಗೆ ಇಲ್ಲ. ಎದುರಿಗೆ ಮೀನುಗಾರರ ದೋಣಿ ಬಂತೆಂದು ಗಾಬರಿಯಿಂದ ಥ್ರಾಟಲ್ ಪೂರ್ತಿ ಬಿಟ್ಟರೆ ಸ್ಟೀರಿಂಗ್ ತಿರುಗಿಸಿದರೂ ಬೋಟು ನೇರ ಹೋಗುತ್ತದೆ. ತಿರುಗಬೇಕಾದರೆ ಸ್ವಲ್ಪ ವೇಗ ಕೊಡಲೇಬೇಕು. ಕಾರು ಓಡಿಸಿ ಪಳಗಿದ ಕಾಲಿಗೆ ಇದು ಸುಲಭವಾಗಿ ಒಗ್ಗುವುದಿಲ್ಲ. ನಿಧಾನ ವೇಗದಲ್ಲಿ ನೆಟ್ಟಗೆ ಹೋಗಲೆಂದು ನಾಜಲ್‌ನ ಬಳಿ ಸಣ್ಣ ರೆಕ್ಕೆಗಳನ್ನು ಕೊಟ್ಟಿರುವ ಮಾದರಿಗಳಿವೆ. ಹೊಸಬರು ಅವನ್ನು ನೋಡಿ.

ಪೆಟ್ರೋಲ್, ಘಟ್ಟ, ಗೋದಾಮು

ನಮ್ಮ ಬಂಕುಗಳಲ್ಲಿ ಈಗ ಸಾಮಾನ್ಯವಾಗಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್; ಈ ಎಂಜಿನ್ನುಗಳ ಕೈಪಿಡಿಗಳು ಸಾಮಾನ್ಯವಾಗಿ ಶೇ 10ರ ಮಿತಿ ಹೇಳುತ್ತವೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ತಿಂಗಳುಗಟ್ಟಲೆ ನಿಲ್ಲುವ ಬೋಟಿನ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಡುತ್ತದೆ. ನೀರು ಬೇರ್ಪಡಿಸುವ ಫಿಲ್ಟರ್ ಇರುವ, ಅಥವಾ ಹಾಕಿಸಲು ಜಾಗವಿರುವ ಬೋಟನ್ನೇ ನೋಡಿ. ಪೆಟ್ರೋಲ್ ತುಂಬಿಸಿದ ಮೇಲೆ, ಪ್ರತಿ ಸಲ ಚಾಲೂ ಮಾಡುವ ಮೊದಲು, ಎಂಜಿನ್ ಗೂಡಿನಿಂದ ಪೆಟ್ರೋಲ್ ಆವಿ ಹೊರಹಾಕುವ ಬ್ಲೋವರ್ ನಾಲ್ಕು ನಿಮಿಷ ಓಡಬೇಕು. ಜೆಟ್ ಬೋಟಿನ ಹೊಟ್ಟೆ ದೊಡ್ಡದು. ಹೋಗಲು ಮೂರನೆಯ ಒಂದು ಭಾಗ, ಬರಲು ಒಂದು ಭಾಗ, ಉಳಿದದ್ದು ಆಪತ್ತಿಗೆ ಎಂಬ ಲೆಕ್ಕ ಬಿಡಬಾರದು.

ಟ್ರೇಲರ್ ಬಗ್ಗೆ ಬೋಟಿನಷ್ಟೇ ಯೋಚಿಸಬೇಕು, ಏಕೆಂದರೆ ಉಪ್ಪುನೀರಿಗೆ ಅದೂ ಮುಳುಗುತ್ತದೆ. ಬಣ್ಣ ಬಳಿದ ಕಬ್ಬಿಣದ್ದು ಬೇಡ. ಸತು ಲೇಪಿಸಿದ್ದು ಅಥವಾ ಅಲ್ಯೂಮಿನಿಯಂನದು ಇರಲಿ. ಅದಕ್ಕೆ ತನ್ನದೇ ಬ್ರೇಕ್ ಇರಲೇಬೇಕು. ಅರಬೈಲ್ ಘಟ್ಟದ ಇಳಿಜಾರಿನಲ್ಲಿ ಹಿಂದಿನ ಭಾರ ವಾಹನವನ್ನು ನೂಕುವಾಗ ಅದರ ಬೆಲೆ ಗೊತ್ತಾಗುತ್ತದೆ. ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಬಯಲಲ್ಲಿ ನಿಲ್ಲಿಸಿದ ಬೋಟಿನ ಸೀಟುಗಳು ಎರಡು ವರ್ಷಕ್ಕೆ ಬಿರಿಯುತ್ತವೆ, ಆದ್ದರಿಂದ ಚಾವಣಿ ಬೇಕು. ನಮ್ಮಂತೆ ಗಿರಣಿಯ ಗೋದಾಮಾದರೆ ಇಲಿಗಳು ವೈರು ಕಡಿಯದಂತೆ ಸೈಲೆನ್ಸರ್ ಬಾಯಿಗೂ ಗಾಳಿಯ ಕಿಂಡಿಗಳಿಗೂ ಜಾಲರಿ ಹಾಕಬೇಕು.

ಕಾಗದಪತ್ರದ ಮಾತು ಚಿಕ್ಕದು, ಆದರೆ ಬಿಡುವಂತಿಲ್ಲ. 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ಒಳನಾಡಿನ ನೀರಿನಲ್ಲಿ ಓಡುವ ಯಂತ್ರಚಾಲಿತ ದೋಣಿಗೆ ತಪಾಸಣೆಯ ಪ್ರಮಾಣಪತ್ರ ಮತ್ತು ನೋಂದಣಿ ಬೇಕು. ಸಮುದ್ರಕ್ಕೆ ಇಳಿಸುವ ಮೊದಲು ಆಯಾ ಬಂದರು ಕಚೇರಿಯಲ್ಲಿ ವಿಚಾರಿಸಬೇಕು, ಟ್ರೇಲರ್‌ಗೆ ಸಾರಿಗೆ ಕಚೇರಿಯಲ್ಲಿ. ಕಾರವಾರದಲ್ಲಿ ನೌಕಾನೆಲೆಯ ನೀರಿನ ಹತ್ತಿರ ಸುಳಿಯಬಾರದು. ಯಂತ್ರಚಾಲಿತ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ, ಅದರ ಹಿಂದುಮುಂದಿನ ವಾರಗಳಲ್ಲಿಯೂ, ನಮ್ಮ ಬೋಟು ಗೋದಾಮು ಬಿಟ್ಟು ಕದಲುವುದಿಲ್ಲ. ಬೇಸಿಗೆಯಲ್ಲೂ ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುವುದರಿಂದ ಬೆಳಗ್ಗೆಯೇ ಹೋಗಿ ಊಟದ ಹೊತ್ತಿಗೆ ಮರಳಬೇಕು. ಸಾಗರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆಯನ್ನು ಪ್ರಕಟಿಸುತ್ತದೆ.

ಹಳೆಯ ಬೋಟು ನೋಡಲು ಹೋದಾಗ

ಹೊಸದನ್ನು ಹೊರದೇಶದಿಂದ ತರಿಸುವುದು ಎಲ್ಲರಿಗೂ ಆಗುವ ಮಾತಲ್ಲ; ಹೆಚ್ಚಿನವರು ಬಳಸಿದ ಬೋಟನ್ನೇ ಕೊಳ್ಳುತ್ತಾರೆ. ನಾವು ಮೊದಲು ನೋಡಿದ ಬೋಟು ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು, ಎಂಜಿನ್ ಮೇಲೆ ಹೊಸ ಬಣ್ಣವೂ ಇತ್ತು. ಮಾರುವವರು ಸಿಹಿನೀರಿನಲ್ಲಿ ಮಾತ್ರ ಓಡಿದ್ದೆಂದು ಆಣೆ ಮಾಡಿದರು. ಮುಂಗಡ ಕೊಡುವ ಹಂತದಲ್ಲಿ ನಮ್ಮ ಗಿರಣಿಯ ಮೆಕ್ಯಾನಿಕ್ ರಬ್ಬರ್ ಪೈಪೊಂದರ ಕ್ಲಿಪ್ ಸಡಿಲಿಸಿ ಸರಿಸಿದ. ಪೈಪು ಕೂತಿದ್ದ ಅಲ್ಯೂಮಿನಿಯಂ ಕೊರಳಿನ ಸುತ್ತ ಅಡುಗೆ ಸೋಡಾದಂಥ ಬಿಳಿಪುಡಿ, ಅದನ್ನು ಉಗುರಿನಿಂದ ಕೆರೆದಾಗ ಕೆಳಗೆ ಸಿಡುಬಿನ ಕಲೆಗಳಂತೆ ಗುಳಿಗಳು. ಆ ವ್ಯವಹಾರ ಅಲ್ಲಿಗೆ ನಿಂತಿತು. ಕಬ್ಬಿಣದ ಕೆಂಪು ತುಕ್ಕು ಎಲ್ಲರ ಕಣ್ಣಿಗೂ ಬೀಳುತ್ತದೆ, ಅಲ್ಯೂಮಿನಿಯಂ ಬಿಳಿಯಾಗಿ, ಕ್ಲಿಪ್ಪುಗಳ ಮರೆಯಲ್ಲಿ ಸಾಯುತ್ತದೆ. ಆದ್ದರಿಂದ ಕನಿಷ್ಠ ಎರಡು ಪೈಪುಗಳನ್ನಾದರೂ ಸರಿಸಿ ತೋರಿಸಲು ಕೇಳಿ. ಎಣ್ಣೆಕಡ್ಡಿಯಲ್ಲಿ ಎಣ್ಣೆ ಹಾಲು ಬೆರೆಸಿದ ಬಣ್ಣಕ್ಕಿದ್ದರೆ ಒಳಗೆ ನೀರು ಸೇರಿದೆ. ಟಾರ್ಚ್ ಹಿಡಿದು ಜಾಲರಿಯ ಕಡೆಯಿಂದ ಇಂಪೆಲ್ಲರ್‌ನ ಅಂಚುಗಳನ್ನೂ ಸುತ್ತಲಿನ ಸಂದನ್ನೂ ನೋಡಿ. ಕೈಯಿಂದ ತಿರುಗಿಸಿದಾಗ ಗರಗರ ಸದ್ದು ಬಂದರೆ ಬೇರಿಂಗ್ ಹೋಗಿದೆ. ಆನೋಡ್ ಪೂರ್ತಿ ಕರಗಿಹೋಗಿದ್ದರೆ ಒಡೆಯನ ಸ್ವಭಾವ ಗೊತ್ತಾಯಿತು. ಟ್ರೇಲರ್‌ನ ಚೌಕಟ್ಟಿನ ಒಳಬದಿಯನ್ನೂ ತಟ್ಟಿ ನೋಡಿ, ಒಳಗಿಂದ ಹಕ್ಕಳೆ ಉದುರಬಾರದು.

ಇಷ್ಟೂ ಸರಿಯಿದ್ದರೆ ಮಾರುವವರೇ ನಿಮ್ಮೆದುರಿಗೆ ಬೋಟನ್ನು ಒಮ್ಮೆ ತೊಳೆದು ತೋರಿಸಲಿ. ಸುಮ್ಮನೆ ನಿಂತು ನೋಡಿ. ಪೈಪು ಜೋಡಿಸಿದ ಮೇಲೆ ಅವರ ಕೈ ಮೊದಲು ಕೀಲಿಗೆ ಹೋದರೆ ಮುಂದಿನ ಮಾತಿಗೆ ಕೂರಬಹುದು. ನಲ್ಲಿಯ ಕಡೆಗೆ ಹೋದರೆ ಚಹಾ ಕುಡಿದು ಎದ್ದು ಬನ್ನಿ.